ಕಾಸರವಳ್ಳಿ ಸಿನಿಮಾದಲ್ಲಿ ನೋಡುವ ಕಣ್ಣು ಯಾರದು?

ಗಿರೀಶ ಕಾಸರವಳ್ಳಿ ಹೆಸರು ಕೇಳದ ಕನ್ನಡಿಗರು ಕಡಿಮೆ. ಅವರ ನಾಲ್ಕು ಸಿನಿಮಾ ಪೂರ್ತಿ ನೋಡಿದವರೂ ಕಡಿಮೆಯೇ. ‘ಅವಾರ್ಡ್ ಪಿಕ್ಚರ್’ ಅಂತ ಒಂದು ಮಾತಿದೆಯಲ್ಲ, ಅದರಲ್ಲಿ ಗೌರವ ಅರ್ಧ, ‘ನಮಗಲ್ಲ ಬಿಡಿ’ ಅನ್ನುವುದು ಇನ್ನರ್ಧ. ನಿಧಾನ, ಮಾತು ಕಮ್ಮಿ, ಕೊನೆಗೆ ಏನಾಯಿತು ಅಂತಲೇ ಗೊತ್ತಾಗಲ್ಲ ಅನ್ನುವುದು ಸಾಮಾನ್ಯ ದೂರು. ದೂರು ಪೂರ್ತಿ ಸುಳ್ಳೇನಲ್ಲ. ಆದರೆ 1977ರಿಂದ 2020ರವರೆಗೆ ಅವರು ಮಾಡಿದ ಹದಿನೈದರಷ್ಟು ಕಥಾಚಿತ್ರಗಳನ್ನು ಒಟ್ಟಿಗೆ ನೆನೆಸಿಕೊಂಡರೆ ಬೇರೆಯೇ ಕಾಣುತ್ತದೆ. ಅವುಗಳಲ್ಲಿ ಬೇಕಾದಷ್ಟು ನಡೆಯುತ್ತದೆ. ನಾವು ಕಣ್ಣಿಟ್ಟ ಜಾಗದಲ್ಲಿ ನಡೆಯುವುದಿಲ್ಲ, ಅಷ್ಟೇ.

ಅವರ ಯಾವ ಸಿನಿಮಾಕ್ಕೆ ಕೂತರೂ ಎರಡು ಪ್ರಶ್ನೆ ಕೈಯಲ್ಲಿಟ್ಟುಕೊಂಡಿರಿ. ಇದನ್ನು ಯಾರು ನೋಡುತ್ತಿದ್ದಾರೆ? ಮತ್ತು ಇಲ್ಲಿ ಎದುರಾಳಿ ಯಾರು? ಮೊದಲ ಪ್ರಶ್ನೆಗೆ ಉತ್ತರ ಸಿನಿಮಾದಿಂದ ಸಿನಿಮಾಕ್ಕೆ ಬದಲಾಗುತ್ತದೆ. ಎರಡನೆಯದಕ್ಕೆ ಹೆಚ್ಚುಕಡಿಮೆ ಒಂದೇ ಉತ್ತರ: ಮುಖ ಇಲ್ಲದ ಯಾವುದೋ ಒಂದು ವ್ಯವಸ್ಥೆ. ಅಗ್ರಹಾರ, ಪುರಸಭೆ, ಕಾನೂನು, ಅಣೆಕಟ್ಟು, ಮಸೀದಿಯ ಆಡಳಿತ, ಟೀವಿ.

ಮೊದಲು ಮನುಷ್ಯನ ಹಿನ್ನೆಲೆ ಸ್ವಲ್ಪ. ಹುಟ್ಟಿದ್ದು 1950ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಯಕ್ಷಗಾನದ ಒಲವಿದ್ದ ಮನೆ. ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಸೋದರಮಾವ. ಓದಿದ್ದು ಮಾತ್ರ ಮಣಿಪಾಲದಲ್ಲಿ ಫಾರ್ಮಸಿ! ಆಮೇಲೆ ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಅಲ್ಲಿ ಮಾಡಿದ ‘ಅವಶೇಷ್’ ಅನ್ನುವ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಬಿ.ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿದರು. ಮೊದಲ ಚಿತ್ರ ‘ಘಟಶ್ರಾದ್ಧ’ ಮಾಡಿದಾಗ ಅವರಿಗೆ ಇನ್ನೂ ಇಪ್ಪತ್ತೇಳು ತುಂಬಿತ್ತೋ ಇಲ್ಲವೋ.

ಆಗಿನ ಕಾಲವೂ ಮುಖ್ಯ. 1970ರಲ್ಲಿ ‘ಸಂಸ್ಕಾರ’ ಬಂದಿತ್ತು. ಮರುವರ್ಷ ‘ವಂಶವೃಕ್ಷ’, 1973ರಲ್ಲಿ ‘ಕಾಡು’. ಕನ್ನಡದಲ್ಲಿ ಹೊಸ ಅಲೆ ಅನ್ನುವುದು ಸಾಹಿತ್ಯದ ಹೆಗಲ ಮೇಲೆ ಕೂತೇ ಬಂತು. ಕಾಸರವಳ್ಳಿ ಕೂಡ ಹಾಗೆಯೇ. ಅವರ ಮುಖ್ಯ ಚಿತ್ರಗಳೆಲ್ಲ ಕಥೆ, ಕಾದಂಬರಿಗಳಿಂದ ಬಂದವು: ಅನಂತಮೂರ್ತಿ, ಚಿತ್ತಾಲ, ತೇಜಸ್ವಿ, ನಾ. ಡಿಸೋಜ, ಬಾನು ಮುಷ್ತಾಕ್, ಭೈರಪ್ಪ, ವೈದೇಹಿ, ಅಮರೇಶ ನುಗಡೋಣಿ, ಕುಂ. ವೀರಭದ್ರಪ್ಪ, ಜಯಂತ ಕಾಯ್ಕಿಣಿ. ಇದನ್ನು ಓದಿದರೆ ಕನ್ನಡ ಎಂ.ಎ. ಪಠ್ಯದ ಯಾದಿಯ ಹಾಗಿದೆ, ಅಲ್ವಾ? ಹಾಗಾಗಿ ‘ಸಾಹಿತ್ಯವನ್ನು ತೆರೆಗೆ ತಂದವರು’ ಅಂತ ಅವರನ್ನು ಹೊಗಳುವುದು ರೂಢಿ. ಆ ಹೊಗಳಿಕೆ ಅವರ ಕೆಲಸದ ಮುಖ್ಯ ಭಾಗವನ್ನೇ ಬಿಟ್ಟುಬಿಡುತ್ತದೆ. ಅವರು ಕಥೆಯನ್ನು ತೆರೆಗೆ ತರುವುದಿಲ್ಲ. ಕಥೆ ತಗೊಂಡು, ಅದನ್ನು ನೋಡುವ ಜಾಗ ಬದಲಾಯಿಸುತ್ತಾರೆ.

ಹುಡುಗನ ಕಣ್ಣು

‘ಘಟಶ್ರಾದ್ಧ’ದಿಂದಲೇ ಶುರು ಮಾಡೋಣ. ಮಲೆನಾಡಿನ ಒಂದು ವೇದಪಾಠಶಾಲೆ. ನಡೆಸುವವರು ಉಡುಪರು. ಅವರ ಮಗಳು ಯಮುನಕ್ಕ ಚಿಕ್ಕ ವಯಸ್ಸಿನ ವಿಧವೆ. ಪಾಠಕ್ಕೆ ಹೊಸದಾಗಿ ಬಂದ ಪುಟ್ಟ ಹುಡುಗ ನಾಣಿ. ಅಮ್ಮನ ನೆನಪಲ್ಲಿ ಅಳುವ ಈ ಹುಡುಗನಿಗೆ ಯಮುನಕ್ಕನೇ ಆಸರೆ. ಆಕೆ ಊರಿನ ಮೇಷ್ಟ್ರಿಂದ ಗರ್ಭಿಣಿ ಆಗುತ್ತಾಳೆ. ಮುಂದೆ ಏನಾಗಬಹುದು ಅಂತ ದೊಡ್ಡವರಿಗೆಲ್ಲ ಗೊತ್ತು. ನಾಣಿಗೆ ಗೊತ್ತಿಲ್ಲ. ಸಿನಿಮಾ ನಮ್ಮನ್ನು ಕೂರಿಸುವುದು ಅವನ ಪಕ್ಕದಲ್ಲಿ.

ಮಗುವಿನ ಕಣ್ಣಿನಿಂದ ನೋಡಿದರೆ ಮುಗ್ಧವಾಗಿ, ಮುದ್ದಾಗಿ ಇರುತ್ತದೆ ಅಂದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ. ಹುಡುಗನಿಗೆ ಅರ್ಧ ಮಾತು ಕೇಳಿಸುತ್ತದೆ, ಅರ್ಧ ಬಾಗಿಲಿನಿಂದ ಕಾಣಿಸುತ್ತದೆ. ಅದರ ಅರ್ಥ ಅವನಿಗೆ ಹೊಳೆಯುವುದಿಲ್ಲ, ನಮಗೆ ಹೊಳೆಯುತ್ತದೆ. ಆ ವ್ಯತ್ಯಾಸದಲ್ಲಿ ಸಿನಿಮಾದ ಭಯ ಇದೆ. ರಾತ್ರಿ ಯಮುನಕ್ಕ ಸಾಯಬೇಕೆಂದು ಹುತ್ತಕ್ಕೆ ಕೈ ಹಾಕುವ ಹೊತ್ತಿನಲ್ಲೂ ಪಕ್ಕದಲ್ಲಿ ಇರುವವನು ಆ ಹುಡುಗ. ಅವನು ತಡೆಯಲಾರ, ಬಿಟ್ಟು ಓಡಲೂ ಆರ.

ಕೊನೆಗೆ ಬರುವುದು ಘಟಶ್ರಾದ್ಧದ ವಿಧಿ. ಬದುಕಿರುವವರಿಗೇ ಶ್ರಾದ್ಧ ಮಾಡಿ, ಗಡಿಗೆ ಒಡೆದು, ಇನ್ನು ನೀನು ನಮ್ಮ ಪಾಲಿಗೆ ಸತ್ತೆ ಅಂತ ಹೊರಗೆ ಹಾಕುವ ಆಚರಣೆ. ಇದನ್ನು ಮಾಡುವವನು ಸ್ವಂತ ಅಪ್ಪ. ಅದೇ ಅಪ್ಪನಿಗೆ ಹದಿಹರೆಯದ ಹುಡುಗಿಯ ಜೊತೆ ಮದುವೆಯ ಮಾತೂ ನಡೆಯುತ್ತದೆ. ಸಿನಿಮಾ ಇದರ ಮೇಲೆ ಬೆರಳಿಟ್ಟು ತೋರಿಸುವುದಿಲ್ಲ. ಸುಮ್ನೆ ಒಂದು ಸುದ್ದಿಯ ಹಾಗೆ ಹೇಳಿ ಮುಂದೆ ಹೋಗುತ್ತದೆ. ತಲೆ ಬೋಳಿಸಿದ ಯಮುನಕ್ಕ ಮರದ ಕೆಳಗೆ ಕೂತಿರುತ್ತಾಳೆ. ನಾಣಿಯನ್ನು ಅವನಪ್ಪ ಕರೆದುಕೊಂಡು ಹೋಗುತ್ತಾನೆ.

ಕಪ್ಪುಬಿಳುಪಿನಲ್ಲಿ ಎಸ್. ರಾಮಚಂದ್ರ ಹಿಡಿದ ಆ ಮಲೆನಾಡಿನಲ್ಲಿ ಹಸಿರಿನ ಚೆಂದ ಇಲ್ಲ. ನೆರಳು, ಕತ್ತಲೆ, ಹೊಗೆ ಇದೆ. ಸಂಗೀತ ಕಾರಂತರದು. ಸದಾನಂದ ಸುವರ್ಣ ನಿರ್ಮಾಪಕರು. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಸ್ವರ್ಣಕಮಲ, ಕಾರಂತರ ಸಂಗೀತಕ್ಕೆ, ನಾಣಿಯಾಗಿ ನಟಿಸಿದ ಅಜಿತ್ ಕುಮಾರ್‌ಗೆ ರಾಷ್ಟ್ರಪ್ರಶಸ್ತಿ. ಮೊದಲ ಚಿತ್ರಕ್ಕೇ.

ಖಳನಾಯಕ ಇಲ್ಲದ ಕಥೆಗಳು

ಆಮೇಲಿನ ‘ಆಕ್ರಮಣ’, ‘ಮೂರು ದಾರಿಗಳು’ ಚಿತ್ರಗಳನ್ನು ಇಲ್ಲಿ ಬೇಗ ದಾಟುತ್ತೇನೆ. ಮೊದಲ ಚಿತ್ರದ ಬಿಗಿ ಅವುಗಳಲ್ಲಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. 1986ರ ‘ತಬರನ ಕಥೆ’ಗೆ ಬಂದಾಗ ಕಾಸರವಳ್ಳಿ ಮತ್ತೆ ಪೂರ್ತಿ ಫಾರ್ಮಿಗೆ ಬರುತ್ತಾರೆ.

ತೇಜಸ್ವಿಯವರ ಈ ಕಥೆ ಬಹಳ ಜನ ಓದಿದ್ದಾರೆ. ತಬರಶೆಟ್ಟಿ ಪುರಸಭೆಯ ಕೆಳಹಂತದ ನೌಕರ. ಸರ್ಕಾರ ಅಂದರೆ ದೇವರು ಅಂತ ನಂಬಿದವನು. ಕಾಫಿ ಬೆಳೆಗಾರರಿಂದ ತೆರಿಗೆ ವಸೂಲಿ ಮಾಡುವ ಕೆಲಸ ಕೊಡುತ್ತಾರೆ. ದೊಡ್ಡವರು ಇವನಿಗೆ ದುಡ್ಡು ಕೊಡುತ್ತಾರಾ? ವಸೂಲಾಗದ ಹಣ ಇವನ ತಲೆಗೆ ಬರುತ್ತದೆ. ನಿವೃತ್ತಿ ಆದಮೇಲೆ ಪಿಂಚಣಿ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯ ಹೆಂಡತಿಗೆ ಕಾಲಿನ ಗಾಯ ಕೊಳೆಯುತ್ತದೆ. ಕಾಲು ಕತ್ತರಿಸಿಕೊಡು ಅಂತ ಇವನು ಕಟುಕನ ಹತ್ತಿರ ಹೋಗುವ ಮಟ್ಟಕ್ಕೆ ವಿಷಯ ಬರುತ್ತದೆ.

ಗಮನಿಸಬೇಕಾದ್ದು ಏನೆಂದರೆ, ಈ ಸಿನಿಮಾದಲ್ಲಿ ಕೆಟ್ಟವನು ಅಂತ ಒಬ್ಬನನ್ನು ಹಿಡಿಯುವುದು ಕಷ್ಟ. ಗುಮಾಸ್ತ ಹೇಳುವುದು ನಿಯಮದ ಪ್ರಕಾರ ಸರಿ. ಮೇಲಿನವನು ಕೇಳುವ ಕಾಗದವೂ ಸರಿ. ಎಲ್ಲರೂ ಸರಿ ಇದ್ದೇ ಒಬ್ಬ ಮನುಷ್ಯ ಮುಗಿದುಹೋಗುತ್ತಾನೆ. ಲಂಚಕೋರ ಅಧಿಕಾರಿಯನ್ನು ಹೀರೋ ಬಂದು ಹೊಡೆಯುವ ಸಿನಿಮಾ ನೋಡಿದಾಗ ನಮಗೆ ಒಂದು ಸಮಾಧಾನ ಸಿಗುತ್ತದೆ. ತಪ್ಪು ಅವನದು, ನಮ್ಮದಲ್ಲ ಅಂತ. ‘ತಬರನ ಕಥೆ’ ಆ ಸಮಾಧಾನ ಕೊಡುವುದಿಲ್ಲ. ಕಚೇರಿಯ ಮೇಜಿನ ಆ ಕಡೆ ನಾವೇ ಕೂತಿದ್ದರೂ ಇದೇ ಉತ್ತರ ಕೊಡುತ್ತಿದ್ದೆವು ಅನ್ನಿಸುತ್ತದೆ. ತಬರನಾಗಿ ನಟಿಸಿದ ಚಾರುಹಾಸನ್‌ಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಚಿತ್ರಕ್ಕೆ ಎರಡನೇ ಸ್ವರ್ಣಕಮಲ.

ಇದೇ ಬಗೆಯನ್ನು 1997ರ ‘ತಾಯಿ ಸಾಹೇಬ’ ಮನೆಯೊಳಗೆ ತರುತ್ತದೆ. ರಂ.ಶಾ. ಲೋಕಾಪುರರ ಕಾದಂಬರಿ. ಉತ್ತರ ಕರ್ನಾಟಕದ ಸಿರಿವಂತ ಮನೆತನ, ಸ್ವಾತಂತ್ರ್ಯದ ಹಿಂದುಮುಂದಿನ ಕಾಲ. ಗಂಡ ಸ್ವಾತಂತ್ರ್ಯ ಹೋರಾಟಗಾರ. ದೇಶದ ಬಿಡುಗಡೆಗೆ ಜೈಲಿಗೆ ಹೋಗಲೂ ಸಿದ್ಧ. ಅವನ ಹೆಂಡತಿ ನರ್ಮದಾಬಾಯಿಗೆ ಆ ದೊಡ್ಡ ಮನೆಯ ಆಚೆಗೆ ಪ್ರಪಂಚ ಇಲ್ಲ. ಕ್ಯಾಮೆರಾ ಕೂಡ ಬಹುಪಾಲು ಅವಳ ಜೊತೆ ಒಳಗೇ ಉಳಿಯುತ್ತದೆ. ಇತಿಹಾಸ ಹೊರಗೆ ನಡೆಯುತ್ತದೆ, ಅವಳಿಗೆ ಅದು ತಲುಪುವುದು ಸುದ್ದಿಯಾಗಿ. ಸ್ವಾತಂತ್ರ್ಯ ಚಳವಳಿಯ ಸಿನಿಮಾವನ್ನು ಅಡುಗೆಮನೆ ಮತ್ತು ಪಡಸಾಲೆಯಿಂದ ತೆಗೆಯುವುದು ಸಣ್ಣ ಧೈರ್ಯ ಅಲ್ಲ.

ನೀರು ನಿಂತಿದ್ದು ಯಾರಿಂದ?

ನನಗೆ ಕೇಳಿದರೆ ಅವರ ಅತ್ಯಂತ ಜಾಣ ಮುಕ್ತಾಯ ‘ದ್ವೀಪ’ದ್ದು. ನಾ. ಡಿಸೋಜ ಶರಾವತಿ ಸೀಮೆಯ ಮುಳುಗಡೆಯನ್ನು ಕಣ್ಣಾರೆ ಕಂಡು ಬರೆದವರು. ಅಣೆಕಟ್ಟಿನ ಹಿನ್ನೀರು ಏರುತ್ತಿದೆ. ಊರಿನವರು ಒಬ್ಬೊಬ್ಬರೇ ಪರಿಹಾರ ತಗೊಂಡು ಹೊರಡುತ್ತಾರೆ. ಗುಡ್ಡದ ಮೇಲಿನ ಒಂದು ಮನೆ ಮಾತ್ರ ಉಳಿಯುತ್ತದೆ: ಗಣಪ, ಅವನ ಹೆಂಡತಿ ನಾಗಿ, ವಯಸ್ಸಾದ ದುಗ್ಗಜ್ಜ. ಸುತ್ತ ನೀರು, ಮೇಲೆ ಮಳೆ. ಆ ಮಳೆಯೇ ಒಂದು ಪಾತ್ರ. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾ ಆ ಒದ್ದೆ ಬೆಳಕನ್ನು ಹಿಡಿದ ರೀತಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ಮನೆ ನಿಲ್ಲಿಸುವವಳು ನಾಗಿ. ಗಂಡ ಕುಗ್ಗಿದಾಗ ಧೈರ್ಯ ಅವಳದು, ದುಡಿಮೆ ಅವಳದು. ಪೇಟೆಯಿಂದ ಬಂದ ಕೃಷ್ಣನ ಜೊತೆ ಅವಳು ನಕ್ಕು ಮಾತಾಡಿದರೆ ಗಂಡನಿಗೆ ಅನುಮಾನ. ಕೊನೆಗೆ ಮಳೆ ನಿಲ್ಲುತ್ತದೆ, ನೀರು ಏರುವುದೂ ನಿಲ್ಲುತ್ತದೆ. ಗಣಪ ದೇವರಿಗೆ ಕೈ ಮುಗಿಯುತ್ತಾನೆ. ನಾಗಿಯ ಹೆಸರು ಅವನ ಬಾಯಿಗೆ ಬರುವುದಿಲ್ಲ.

ಇಷ್ಟು ಹೊತ್ತು ನಾವು ಅಣೆಕಟ್ಟಿನ ಸಿನಿಮಾ ನೋಡುತ್ತಿದ್ದೇವೆ ಅಂದುಕೊಂಡಿದ್ದೆವು. ಸರ್ಕಾರ ದೊಡ್ಡದು, ಬಡ ಕುಟುಂಬ ಚಿಕ್ಕದು ಅಂತ ಲೆಕ್ಕ ಹಾಕಿದ್ದೆವು. ಆ ಚಿಕ್ಕದರ ಒಳಗೂ ಒಂದು ದೊಡ್ಡದು, ಒಂದು ಚಿಕ್ಕದು ಇದೆ ಅಂತ ಕೊನೆಯ ನಿಮಿಷದಲ್ಲಿ ತಿಳಿಯುತ್ತದೆ. ಮುಳುಗಡೆಯಾದವನೇ ಇನ್ನೊಬ್ಬಳನ್ನು ಮುಳುಗಿಸುತ್ತಿದ್ದ. ಹಿಂದಿನ ದೃಶ್ಯಗಳನ್ನೆಲ್ಲ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ನಿಧಾನದ ಸಿನಿಮಾ ಅಂತ ಬೇಸರಪಟ್ಟವರು ಕೊನೆಯ ಹತ್ತು ನಿಮಿಷ ಬಿಟ್ಟು ಎದ್ದಿದ್ದರೆ ಇಡೀ ಸಿನಿಮಾವನ್ನೇ ಬಿಟ್ಟ ಹಾಗೆ.

ನಾಗಿಯಾಗಿ ನಟಿಸಿದವರು ಸೌಂದರ್ಯ. ನಿರ್ಮಾಪಕಿಯೂ ಅವರೇ. ಆಗ ಅವರು ತೆಲುಗಿನಲ್ಲಿ ಬಹುಬೇಡಿಕೆಯ ನಾಯಕಿ. ತಾವೇ ದುಡ್ಡು ಹಾಕಿ, ಬಣ್ಣವಿಲ್ಲದ ಮುಖದಲ್ಲಿ, ಮಳೆಯಲ್ಲಿ ನೆನೆದು ಈ ಸಿನಿಮಾ ಮಾಡಿದರು. ಕಾಸರವಳ್ಳಿಯವರ ನಾಲ್ಕನೇ ಸ್ವರ್ಣಕಮಲ ಇದೇ. 2004ರಲ್ಲಿ ವಿಮಾನ ಅಪಘಾತದಲ್ಲಿ ಸೌಂದರ್ಯ ತೀರಿಕೊಂಡರು.

ಇಲ್ಲಿ ಒಂದು ಉಪಕಥೆ ಹೇಳಲೇಬೇಕು. ಕಲಾತ್ಮಕ ಚಿತ್ರ ಬೇರೆ, ಕಮರ್ಷಿಯಲ್ ಚಿತ್ರ ಬೇರೆ, ನಡುವೆ ಗೋಡೆ ಇದೆ ಅಂತ ನಾವು ನಂಬಿಕೊಂಡು ಬಂದಿದ್ದೇವೆ. ಕಾಸರವಳ್ಳಿಯವರ ತಾರಾಗಣ ನೋಡಿದರೆ ಆ ಗೋಡೆ ಎಲ್ಲಿದೆ ಅಂತ ಹುಡುಕಬೇಕು. ‘ತಾಯಿ ಸಾಹೇಬ’ದಲ್ಲಿ ಜಯಮಾಲ, ರಾಜ್‌ಕುಮಾರ್ ಜೊತೆ ಹಾಡಿ ಕುಣಿದವರು. ಅದಕ್ಕೂ ಅವರೇ ನಿರ್ಮಾಪಕಿ. ‘ಹಸೀನಾ’ದ ತಾರಾಗೆ, ‘ಗುಲಾಬಿ ಟಾಕೀಸ್’ನ ಉಮಾಶ್ರೀಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ. ಉಮಾಶ್ರೀ ಅಂದರೆ ಜನಕ್ಕೆ ಆಗ ನೆನಪಾಗುತ್ತಿದ್ದದ್ದು ಹಾಸ್ಯ. ವೈಜನಾಥ ಬಿರಾದಾರ್ ಅಂತೂ ಭಿಕ್ಷುಕ, ಕುಡುಕ ಅಂತ ಚಿಲ್ಲರೆ ಪಾತ್ರಗಳಲ್ಲೇ ಸವೆದವರು. ಅವರನ್ನು ‘ಕನಸೆಂಬ ಕುದುರೆಯನೇರಿ’ಯ ನಾಯಕ ಮಾಡಿದರು. ಸ್ಪೇನಿನ ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಉದ್ಯಮ ಒಂದು ಮೂಲೆಗೆ ಕೂರಿಸಿದ ನಟರನ್ನು ಕರೆದು ನಡುವೆ ನಿಲ್ಲಿಸುವುದು ಕೂಡ ನೋಡುವ ಜಾಗ ಬದಲಾಯಿಸುವ ಕೆಲಸವೇ ತಾನೇ?

ಕಥೆಯನ್ನು ಬೇರೆ ಕಡೆಯಿಂದ ಹಿಡಿಯುವುದು

2000ದ ನಂತರದ ಚಿತ್ರಗಳಲ್ಲಿ ಮೂಲ ಕೃತಿಗೂ ಸಿನಿಮಾಕ್ಕೂ ಅಂತರ ಜಾಸ್ತಿ ಆಗುತ್ತಾ ಹೋಯಿತು. ಇದಕ್ಕೆ ‘ನಾಯಿ ನೆರಳು’ ಚೆನ್ನಾದ ಉದಾಹರಣೆ. ಭೈರಪ್ಪನವರ ಕಾದಂಬರಿಯ ತಿರುಳು ಪುನರ್ಜನ್ಮ. ಒಬ್ಬ ಯುವಕ ತಾನು ಹಿಂದಿನ ಜನ್ಮದಲ್ಲಿ ಇಂಥ ಮನೆಯ ಸತ್ತ ಮಗ ಅನ್ನುತ್ತಾನೆ. ಆ ಮನೆಯಲ್ಲಿ ಸತ್ತವನ ಹೆಂಡತಿ ಇದ್ದಾಳೆ, ಬೆಳೆದ ಮಗಳಿದ್ದಾಳೆ. ಯುವಕ ಹೇಳುವುದು ನಿಜವೋ ಸುಳ್ಳೋ?

ಸಿನಿಮಾಕ್ಕೆ ಈ ಪ್ರಶ್ನೆಯಲ್ಲಿ ಅಷ್ಟು ಆಸಕ್ತಿ ಇಲ್ಲ. ಅದು ವಿಧವೆ ವೆಂಕಟಲಕ್ಷ್ಮಿಯ ಪಕ್ಕ ಹೋಗಿ ನಿಲ್ಲುತ್ತದೆ. ವರ್ಷಗಟ್ಟಲೆ ವೈಧವ್ಯದಲ್ಲಿ ಒಣಗಿದ ಹೆಂಗಸಿಗೆ, ಇವನು ನಿನ್ನ ಗಂಡ ಅಂತ ಮನೆಯವರೇ ಒಬ್ಬ ತರುಣನನ್ನು ತಂದು ನಿಲ್ಲಿಸಿದ್ದಾರೆ. ಅವಳು ನಂಬಿದಳೋ, ನಂಬಿದ ಹಾಗೆ ಇದ್ದಳೋ? ಶಾಸ್ತ್ರವೇ ಬೀಗ ಹಾಕಿತ್ತು, ಈಗ ಅದೇ ಶಾಸ್ತ್ರ ಬಾಗಿಲು ತೆರೆದಿದೆ. ಅವಳು ದಾಟಿದಳು. ಪವಿತ್ರಾ ಲೋಕೇಶ್ ಈ ಪಾತ್ರವನ್ನು ಮುಖದಲ್ಲಿ ಏನೂ ಬಿಟ್ಟುಕೊಡದೆ ಮಾಡಿದ್ದಾರೆ. ಒಂದೇ ಕಥೆ, ಆದರೆ ಕಾದಂಬರಿ ಓದಿ ಮುಗಿಸಿದವರೂ ಸಿನಿಮಾ ನೋಡಿ ಮುಗಿಸಿದವರೂ ಬೇರೆ ಬೇರೆ ವಿಷಯಕ್ಕೆ ಜಗಳ ಆಡುತ್ತಾರೆ.

‘ಗುಲಾಬಿ ಟಾಕೀಸ್’ನಲ್ಲಿ ಬದಲಾವಣೆ ಇನ್ನೂ ದೊಡ್ಡದು. ವೈದೇಹಿಯವರ ಕಥೆಯಲ್ಲಿ ಸಣ್ಣ ಊರಿಗೆ ಟಾಕೀಸು ಬರುತ್ತದೆ, ಹೆಂಗಸರ ಬದುಕಿಗೆ ಒಂದು ಕಿಟಕಿ ತೆರೆಯುತ್ತದೆ. ಕಾಸರವಳ್ಳಿ ಅದನ್ನು 1990ರ ದಶಕದ ಕೊನೆಗೆ, ಕುಂದಾಪುರದ ಕಡೆಯ ಮೀನುಗಾರರ ಕುದ್ರುವಿಗೆ, ಅಂದರೆ ನೀರಿನ ನಡುವಿನ ನಡುಗಡ್ಡೆಗೆ ತಂದರು. ಟಾಕೀಸಿನ ಜಾಗದಲ್ಲಿ ಕಲರ್ ಟೀವಿ, ಡಿಶ್ ಆಂಟೆನಾ. ಗುಲಾಬಿ ಸೂಲಗಿತ್ತಿ, ಮುಸ್ಲಿಂ ಹೆಂಗಸು, ಗಂಡ ಬಿಟ್ಟು ಹೋದವಳು, ಸಿನಿಮಾ ಹುಚ್ಚಿನವಳು. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಟೀವಿ ಸಿಗುತ್ತದೆ. ಅದುವರೆಗೆ ಅವಳ ಮನೆ ಮೆಟ್ಟಿಲು ಹತ್ತದಿದ್ದ ಹೆಂಗಸರು ಧಾರಾವಾಹಿಗಾಗಿ ಬಂದು ಕೂರುತ್ತಾರೆ.

ಅದೇ ಹೊತ್ತಿಗೆ ಹೊರಗೆ ಎರಡು ಸಂಗತಿ ನಡೆಯುತ್ತಿವೆ. ಒಂದು, ಸಣ್ಣ ದೋಣಿಯವರ ಮೀನನ್ನು ದೊಡ್ಡ ಟ್ರಾಲರ್‌ಗಳು ಬಾಚಿಕೊಂಡು ಹೋಗುತ್ತಿವೆ. ಇನ್ನೊಂದು, ಕಾರ್ಗಿಲ್ ಯುದ್ಧ. ಟ್ರಾಲರ್ ಮೇಲಿನ ಸಿಟ್ಟು ವ್ಯಾಪಾರದ ಸಿಟ್ಟು. ಆದರೆ ಟ್ರಾಲರ್ ಮಾಲೀಕ ಮುಸ್ಲಿಂ. ಟೀವಿಯಲ್ಲಿ ಯುದ್ಧದ ಸುದ್ದಿ. ವ್ಯಾಪಾರದ ಜಗಳ ನಿಧಾನಕ್ಕೆ ಧರ್ಮದ ಜಗಳದ ಬಟ್ಟೆ ಹಾಕಿಕೊಳ್ಳುತ್ತದೆ. ಗುಲಾಬಿಗೂ ಟ್ರಾಲರಿಗೂ ಏನೂ ಸಂಬಂಧ ಇಲ್ಲ. ಆದರೂ ಅವಳನ್ನೇ ದೋಣಿ ಹತ್ತಿಸಿ ಊರು ಬಿಡಿಸುತ್ತಾರೆ.

ಕೋಮುಗಲಭೆಯ ಬಗ್ಗೆ ಬೇಕಾದಷ್ಟು ಸಿನಿಮಾ ಬಂದಿವೆ. ಬಹುತೇಕ ಎಲ್ಲವೂ ಬೆಂಕಿಯಿಂದ ಶುರು ಆಗುತ್ತವೆ. ದ್ವೇಷ ಎಲ್ಲಿಂದ ಬಂತು, ಯಾವ ದುಡ್ಡಿನ ಲೆಕ್ಕದಿಂದ, ಯಾವ ಸುದ್ದಿಯಿಂದ, ಎಷ್ಟು ದಿನ ತಗೊಂಡಿತು ಅಂತ ಮೆಲ್ಲಗೆ ಬಿಡಿಸಿ ತೋರಿಸಿದ್ದು ಈ ಸಿನಿಮಾ. ಹೆಂಗಸರನ್ನು ಒಂದೆಡೆ ಕೂರಿಸಿದ ಟೀವಿಯೇ ಊರನ್ನು ಒಡೆಯಿತು ಅಂತಲೂ ಅದು ಸುಲಭಕ್ಕೆ ಹೇಳುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟಿದೆ. 2008ರಲ್ಲಿ ಬಂದ ಚಿತ್ರ ಇದು. ಈಗ ಟೀವಿ ಜಾಗದಲ್ಲಿ ಮೊಬೈಲ್ ಇಟ್ಟು ನೋಡಿದರೂ ಒಂದು ದೃಶ್ಯ ಬದಲಾಯಿಸಬೇಕಿಲ್ಲ.

‘ಹಸೀನಾ’ ಕೂಡ ಇದೇ ಸಾಲಿನದು. ಹೆಣ್ಣುಮಕ್ಕಳನ್ನು ಹೆತ್ತಳು ಅಂತ ಗಂಡ ಬಿಟ್ಟುಹೋದ ಹೆಂಗಸು ನ್ಯಾಯ ಕೇಳಿ ಮಸೀದಿಯ ಮುಂದೆ ಕೂರುತ್ತಾಳೆ. ಮೂಲ, ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’. 2025ರಲ್ಲಿ ಬಾನು ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಹೊಸದಾಗಿ ಅವರನ್ನು ಓದಿದವರು ಬಹಳ. ಕಾಸರವಳ್ಳಿ ಇಪ್ಪತ್ತು ವರ್ಷ ಮೊದಲೇ ಓದಿ ಸಿನಿಮಾ ಮಾಡಿ ಮುಗಿಸಿದ್ದರು.

ನೋಡುವ ಜಾಗ ಬದಲಾಯಿಸುವ ಈ ಹಂಬಲ ನೇರವಾಗಿ ಕಥನದ ರೂಪಕ್ಕೇ ಬಂದದ್ದು ‘ಕನಸೆಂಬ ಕುದುರೆಯನೇರಿ’ಯಲ್ಲಿ. ನುಗಡೋಣಿಯವರ ‘ಸವಾರಿ’ ಕಥೆ ಇದರ ಮೂಲ. ಇರ್‍ಯಾ ಊರಿನ ಗೋರಿ ತೋಡುವವನು. ಕನಸಿನಲ್ಲಿ ಸಿದ್ಧಪುರುಷ ಬಂದರೆ ಊರಲ್ಲಿ ಸಾವು ಖಚಿತ ಅನ್ನುವುದು ಅವನ ನಂಬಿಕೆ. ಕನಸು ಬೀಳುತ್ತದೆ. ಗೌಡರ ಮನೆಗೆ ಹೋದರೆ ಯಾರೂ ಸತ್ತಿಲ್ಲ ಅನ್ನುತ್ತಾರೆ. ಅವನ ನಂಬಿಕೆಯ ನೆಲವೇ ಕುಸಿಯುತ್ತದೆ. ಆಮೇಲೆ ಸಿನಿಮಾ ಹಿಂದಕ್ಕೆ ಹೋಗಿ ಅದೇ ದಿನಗಳನ್ನು ಗೌಡರ ಮನೆಯ ಒಳಗಿನಿಂದ ತೋರಿಸುತ್ತದೆ. ಅಲ್ಲಿ ಸಾವು ಆಗಿದೆ. ಮುಚ್ಚಿಟ್ಟಿದ್ದಾರೆ. ಬಡವನ ಕನಸು ಸುಳ್ಳಾಗಿರಲಿಲ್ಲ, ಉಳ್ಳವರು ಅದನ್ನು ಸುಳ್ಳು ಮಾಡಿದ್ದರು. ಇದನ್ನು ಮೊದಲೇ ಹೇಳಿಬಿಟ್ಟಿದ್ದರೆ ಇರ್‍ಯಾನ ಸಂಕಟ ನಮಗೆ ತಟ್ಟುತ್ತಿರಲಿಲ್ಲ. ಕೊನೆಗೆ ಹೇಳಿದ್ದರಿಂದ ಅವನನ್ನು ಮೂಢ ಅಂತ ನೋಡಿದ ನಮಗೇ ಪೆಟ್ಟು ಬೀಳುತ್ತದೆ.

ಎಲ್ಲವೂ ಒಂದೇ ತೂಕದ್ದಲ್ಲ. 2011ರ ‘ಕೂರ್ಮಾವತಾರ’ದಲ್ಲಿ ನಿವೃತ್ತಿಯ ಅಂಚಿನ ಗುಮಾಸ್ತನೊಬ್ಬ ಧಾರಾವಾಹಿಯಲ್ಲಿ ಗಾಂಧಿ ಪಾತ್ರ ಮಾಡುತ್ತಾನೆ. ಪಾತ್ರ ಮೈಗೆ ಹತ್ತತೊಡಗುತ್ತದೆ. ವಿಚಾರ ಚೆನ್ನಾಗಿದೆ, ಶಿಕಾರಿಪುರ ಕೃಷ್ಣಮೂರ್ತಿಯವರ ನಟನೆಯೂ ಹಿತವಾಗಿದೆ. ಆದರೆ ಗಾಂಧಿಯ ಬದುಕಿಗೂ ಗುಮಾಸ್ತನ ಬದುಕಿಗೂ ಸಿನಿಮಾ ಹಾಕುವ ಗಂಟುಗಳು ಕೆಲವು ಕಡೆ ಎದ್ದು ಕಾಣುತ್ತವೆ. ‘ದ್ವೀಪ’ ಮುಚ್ಚಿಟ್ಟು ಗೆಲ್ಲುವುದನ್ನು ಇದು ತೋರಿಸಿ ಸ್ವಲ್ಪ ಕಳೆದುಕೊಳ್ಳುತ್ತದೆ. ಆಮೇಲೆ ಕಥಾಚಿತ್ರಕ್ಕೆ ದೊಡ್ಡ ಬಿಡುವು. ನಡುವೆ ಅನಂತಮೂರ್ತಿ ಮತ್ತು ಅಡೂರ್ ಗೋಪಾಲಕೃಷ್ಣನ್ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಕಾಯ್ಕಿಣಿಯವರ ‘ಹಾಲಿನ ಮೀಸೆ’ ಕಥೆ ಹಿಡಿದು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಮಾಡಿದರು.

ಇನ್ನು ಸಿನಿಮಾ ಸಿಗುವ ವಿಷಯ. ಇವು ಬಹುಪಾಲು ಚಿತ್ರೋತ್ಸವ, ಫಿಲ್ಮ್ ಸೊಸೈಟಿ, ದೂರದರ್ಶನಗಳಲ್ಲಿ ಬದುಕಿದ ಸಿನಿಮಾಗಳು. ಊರಿನ ಥಿಯೇಟರಿನಲ್ಲಿ ವಾರಗಟ್ಟಲೆ ಓಡಿದವಲ್ಲ. ‘ಜನ ನೋಡಲಿಲ್ಲ’ ಅನ್ನುವುದಕ್ಕಿಂತ ಜನರಿಗೆ ನೋಡಲು ಸಿಗಲಿಲ್ಲ ಅನ್ನುವುದು ಸರಿ. ಅದರ ಮೇಲೆ ಹಳೆಯ ಫಿಲ್ಮ್ ಪ್ರತಿಗಳು ಹಾಳಾಗುತ್ತವೆ: ಗೀರು ಬೀಳುತ್ತದೆ, ಬೂಸ್ಟು ಹಿಡಿಯುತ್ತದೆ, ದನಿ ಕೆಡುತ್ತದೆ. ‘ಘಟಶ್ರಾದ್ಧ’ಕ್ಕೆ ಮಾತ್ರ ಅದೃಷ್ಟ ಕೂಡಿಬಂತು. ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಫಿಲ್ಮ್ ಫೌಂಡೇಶನ್ನಿನ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಅದನ್ನು ದುರಸ್ತಿ ಮಾಡಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಹೊಸ ಪ್ರತಿ ತೋರಿಸಿದರು. ರಾತ್ರಿ ದೃಶ್ಯಗಳೇ ಜೀವಾಳ ಆಗಿರುವ ಚಿತ್ರಕ್ಕೆ ಈ ದುರಸ್ತಿ ಎಷ್ಟು ಮುಖ್ಯ ಅಂತ ಮಸುಕು ವಿಡಿಯೋದಲ್ಲಿ ಅದನ್ನು ನೋಡಿದವರಿಗೆ ಗೊತ್ತು. ಕತ್ತಲೆಯಲ್ಲಿ ನಾಣಿಯ ಮುಖವೇ ಕಾಣದಿದ್ದರೆ ಅವನ ಕಣ್ಣಿನಿಂದ ನೋಡುವುದು ಹೇಗೆ?

ಹೊಸದಾಗಿ ನೋಡುವವರು ಎಲ್ಲಿಂದ ಶುರು ಮಾಡಬೇಕು? ಮೊದಲ ಚಿತ್ರದಿಂದ ಸಾಲಾಗಿ ಹೋಗಬೇಡಿ. ‘ಗುಲಾಬಿ ಟಾಕೀಸ್’ ಮೊದಲು ನೋಡಿ, ಅದರಲ್ಲಿ ನಗು ಇದೆ, ಗಲಾಟೆ ಇದೆ, ಉಮಾಶ್ರೀ ಇದ್ದಾರೆ. ಆಮೇಲೆ ‘ದ್ವೀಪ’, ಕೊನೆಯವರೆಗೂ ಕೂರುವ ಕರಾರಿನ ಮೇಲೆ. ‘ತಬರನ ಕಥೆ’ಯನ್ನು ತೇಜಸ್ವಿ ಕಥೆ ಓದಿದ ಮೇಲೆ ನೋಡಿ, ‘ನಾಯಿ ನೆರಳು’ ಕಾದಂಬರಿಯನ್ನು ಮಾತ್ರ ಸಿನಿಮಾ ಆದಮೇಲೆ ಓದಿ. ‘ಘಟಶ್ರಾದ್ಧ’ದ ದುರಸ್ತಿಯಾದ ಪ್ರತಿ ನಿಮ್ಮ ಹತ್ತಿರದ ಯಾವುದಾದರೂ ಚಿತ್ರೋತ್ಸವಕ್ಕೆ ಬಂದರೆ ರಜೆ ಹಾಕಿಯಾದರೂ ಹೋಗಿ.